ಕೊನೆಯ ಏಳು ಹೊಲಿಗೆ

ವಿದ್ಯಾರ್ಥಿ ನಿಲಯ, ಕೋಣೆ ಹನ್ನೊಂದು
ಜನವರಿ 17

ಗೆ,
ಮಹಾರಾಜಶ್ರೀ ಅಕ್ಕನವರು,
ಚೆಂಡು ಹೊಲಿಗೆ ಇಲಾಖೆ, ಮಹಡಿ ಮನೆ.

ಮಾನ್ಯರೆ,

ವಿಷಯ: ಗೋಲ್‌ಕೀಪರನ ಒಂದು ಜೊತೆ ಗ್ಲೌಸು ರಿಪೇರಿ ಮಾಡಿಕೊಡುವ ಬಗ್ಗೆ.
ಉಲ್ಲೇಖ: ಹುಟ್ಟಿದಾಗಿನಿಂದ ನಾನು ಹರಿದುಕೊಂಡದ್ದನ್ನೆಲ್ಲ ತಾವೇ ಹೊಲಿಯುತ್ತ ಬಂದಿರುವುದು.

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ಅತ್ಯಂತ ವಿನಯದಿಂದ ತಿಳಿಸುವುದೇನೆಂದರೆ, ಗ್ಲೌಸನ್ನು ಈ ಪಾರ್ಸಲಿನಲ್ಲಿ ಇಟ್ಟಿದ್ದೇನೆ. ಹೆಬ್ಬೆರಳ ಸಂದಿ ಬಿಚ್ಚಿದೆ. ಕಳೆದ ಶನಿವಾರದ ಪಂದ್ಯದಲ್ಲಿ ಆದದ್ದು. ಎರಡು ಸೊನ್ನೆಯಲ್ಲಿ ಗೆದ್ದೆವು. ಕೊನೆಯ ಹತ್ತು ನಿಮಿಷದಲ್ಲಿ ಅವರಿಗೊಂದು ಪೆನಾಲ್ಟಿ ಸಿಕ್ಕಿತು. ಒದೆಯುವವನು ಬಲಕ್ಕೆ ನೋಡಿ ಎಡಕ್ಕೆ ಒದ್ದ. ನಾನು ಎಡಕ್ಕೆ ನೋಡಿ ಎಡಕ್ಕೇ ಹಾರಿದೆ. ನಮ್ಮ ಕೋಚ್, ಹುಡುಗರೆಲ್ಲ ಸೀಟಿ ಅನ್ನುತ್ತಾರೆ, ಬಾಯಲ್ಲಿದ್ದ ಸೀಟಿಯನ್ನು ಇನ್ನೇನು ನುಂಗಿಬಿಡುತ್ತಿದ್ದರು. ನೋಡುತ್ತಿದ್ದ ಜನ ಎದ್ದು ನಿಂತರು. ಕೂರುವ ಬೆಂಚು ಒದ್ದೆಯಾಗಿತ್ತು ಅನ್ನುವುದು ಬೇರೆ ಮಾತು. ಈ ಭಾಗವನ್ನು ಅಪ್ಪನಿಗೆ ಎರಡು ಸಲ ಓದು. ಒಂದು ಸಲ ಮಾಮೂಲಾಗಿ, ಇನ್ನೊಂದು ಸಲ ಕೆಳಗಿನ ಮನೆಯ ಚಿಕ್ಕಮ್ಮನಿಗೂ ಕೇಳುವ ಹಾಗೆ.

ಸ್ಕಾಲರ್‌ಶಿಪ್ಪಿನ ಕರಾರುಗಳು ಮೂರು ಅಂತ ಹೇಳಿದ್ದೆನಲ್ಲ. ಪರೀಕ್ಷೆಯಲ್ಲಿ ಪಾಸಾಗಬೇಕು, ತಂಡದಲ್ಲಿ ಇರಬೇಕು, ವರ್ಷಕ್ಕೆ ಅರವತ್ತು ಗಂಟೆ ಸಮಾಜಸೇವೆ ಮಾಡಬೇಕು. ನನ್ನ ಪಾಲಿನ ಸಮಾಜ ಗೂಡ್ಸ್ ಶೆಡ್ಡಿನ ಹಿಂದಿರುವ ಉಚಿತ ಊಟದ ಅಡುಗೆಮನೆಯಲ್ಲಿದೆ. ದಿನಾ ಮಧ್ಯಾಹ್ನ ಇನ್ನೂರು ಜನ ಬಂದು ಉಂಡು ಹೋಗುತ್ತಾರೆ. ಅಡುಗೆಯ ಹೆಂಗಸಿಗೆ ಮೇಜರ್ ಅಂತ ನಾನು ಹೆಸರಿಟ್ಟಿದ್ದೇನೆ, ಅವರೆದುರಿಗೆ ಮಾತ್ರ ಅಮ್ಮಾ ಅನ್ನುತ್ತೇನೆ. ನನ್ನ ಹುದ್ದೆ ಆಲೂಗಡ್ಡೆ, ಹೆಚ್ಚುವರಿ ಹೊಣೆ ಪಾತ್ರೆ.

ಇನ್ನು ಎರಡು ಗಂಭೀರ ವಿಚಾರ. ಒಂದು, ಆಪರೇಷನ್ ಥಿಯೇಟರಿನ ಕೆಲಸ ಕಲಿಯುವ ನಿನ್ನ ಸೀಟು. ನಾನು ಇಲ್ಲಿಗೆ ಬರಬೇಕು ಅಂತ ಹೋದ ವರ್ಷ ನೀನೇ ಅದನ್ನು ಮುಂದಕ್ಕೆ ಹಾಕಿದೆ. ಈ ಜೂನ್ ಹತ್ತರೊಳಗೆ ಸೇರದಿದ್ದರೆ ಬೇರೆಯವರಿಗೆ ಹೋಗುತ್ತದೆ. ಸೇರುತ್ತೀ ತಾನೆ? ಎರಡು, ಹೋದ ಎರಡು ಕಾಗದದ ಕೆಳಗೆ ಅಪ್ಪನ ಸಾಲಿಲ್ಲ. ಪ್ರತಿ ಸಲ ಒಂದೇ ಮಾತು ಬರೆಯುತ್ತಿದ್ದರು, "ಚೆನ್ನಾಗಿ ಓದು, ಚೆಂಡಿನ ಮೇಲೆ ಕಣ್ಣಿಡು." ಅದೂ ಯಾಕೆ ನಿಂತಿತು? ಫೋನಿನಲ್ಲಿ ಸುಳ್ಳು ಸಲೀಸು, ಕಾಗದದಲ್ಲಿ ಕೈ ತಡೆಯುತ್ತೆ ಅಂತ ನಮ್ಮಿಬ್ಬರ ಕೈಗೂ ಪೆನ್ನು ಕೊಟ್ಟವರು ಅವರೇ.

ಇತಿ ತಮ್ಮ ವಿಧೇಯ,
ಗೋಲ್‌ಕೀಪರ್

—

ಜನವರಿ 30

ಲೋ ಕೋತಿ,

ಗ್ಲೌಸು ಹೊಲಿದು ಕಳಿಸಿದ್ದೇನೆ. ಎರಡೆಳೆ ದಾರ ಹಾಕಿದ್ದೇನೆ, ಇನ್ನು ಹೆಬ್ಬೆರಳು ಕಿತ್ತರೂ ಸಂದಿ ಕೀಳಲ್ಲ.

ಆದರೆ ಅಂಗೈಯಲ್ಲಿ ಸುಟ್ಟ ಕಲೆ ಇದೆ. ಬಾಗಿದ ಗೆರೆ, ಎರಡು ಕೈಯಲ್ಲೂ ಒಂದೇ ತರ. ಬೆರಳ ತುದಿ ಮಾತ್ರ ಅಂಗಡಿಯಿಂದ ತಂದ ಹಾಗೇ ಇದೆ. ಪೆನಾಲ್ಟಿ ತಡೆದವನ ಗ್ಲೌಸು ಹೀಗಿರುತ್ತಾ ಅಂತ ನನಗೆ ಗೊತ್ತಿಲ್ಲ. ನಾನು ಚೆಂಡು ಹೊಲಿಯುವವಳು, ಹಿಡಿಯುವವಳಲ್ಲ.

ಅಪ್ಪನ ಕನ್ನಡಕದ ಕಾಲು ಮುರಿದಿದೆ, ಅದಕ್ಕೆ ಬರೆದಿಲ್ಲ. ಆರಾಮಾಗಿದ್ದಾರೆ. ಪಂದ್ಯದ ಭಾಗವನ್ನು ಎರಡು ಸಲ ಓದಿದೆ. ಮೂರನೆಯ ಸಲ ಅವರೇ ಕೆಳಗಿಳಿದು ಹೋಗಿ ಚಿಕ್ಕಮ್ಮನಿಗೆ ಬಾಯಲ್ಲೇ ಒಪ್ಪಿಸಿದರು. ಅದರಲ್ಲಿ ನೀನು ಬಲಕ್ಕೆ ಹಾರಿದ್ದೆ.

ಸೇರುತ್ತೇನೆ ಅಂದ ಮೇಲೆ ಸೇರುತ್ತೇನೆ. ತಿಂಗಳಿಗೊಂದು ಸಲ ಕೇಳಿ ತಲೆ ತಿನ್ನಬೇಡ.

ಅಕ್ಕ

—

ಫೆಬ್ರವರಿ 21

ಮಾನ್ಯರೆ,

ವಿಷಯ: ಅಂಗೈ ಸುಟ್ಟ ಪ್ರಕರಣಕ್ಕೆ ಸಮಜಾಯಿಷಿ.

ಎದುರಾಳಿ ತಂಡದ ಹತ್ತನೆಯ ನಂಬರಿನವನು ಒದ್ದ ಚೆಂಡು ಗಾಳಿಯಲ್ಲಿ ಉಜ್ಜಿಕೊಂಡು ಬಂದು ಬಿಸಿಯಾಗಿತ್ತು. ವಿಜ್ಞಾನದಲ್ಲಿ ಇದಕ್ಕೆ ಆಧಾರವಿದೆ. ಯಾವ ಪುಟದಲ್ಲಿ ಅಂತ ಹುಡುಕುತ್ತಿದ್ದೇನೆ.

ಈಗ ನನ್ನ ಗೋಳು ಕೇಳು. ಸೇವೆಯ ಗಂಟೆಗಳನ್ನು ಲೆಕ್ಕ ಹಿಡಿಯಲು ಕಾಲೇಜಿನಲ್ಲೊಂದು ಕಚೇರಿ ಇದೆ. ಅಲ್ಲಿ ಒಬ್ಬ ಗುಮಾಸ್ತರಿದ್ದಾರೆ, ಮುದ್ರೆ ಅನ್ನುತ್ತೇವೆ. ನನ್ನ ಫಾರಮ್ಮು ಮೂರು ಸಲ ವಾಪಸ್ ಬಂತು. ಮೊದಲ ಸಲ ಮೇಜರ್ ಸಹಿ ಚೌಕದಿಂದ ಆಚೆ ಹೋಗಿತ್ತು. ಎರಡನೆಯ ಸಲ ಅವರು ಹುದ್ದೆಯ ಜಾಗದಲ್ಲಿ "ಅಡುಗೆ" ಅಂತ ಬರೆದಿದ್ದರು, ಅದು "ಮೇಲ್ವಿಚಾರಕಿ" ಆಗಬೇಕಂತೆ. ಮೂರನೆಯ ಸಲ ಅಭಿಪ್ರಾಯ ಅನ್ನುವಲ್ಲಿ "ಪಾತ್ರೆ ಚೆನ್ನಾಗಿ ತಿಕ್ಕುತ್ತಾನೆ, ಬಾಯಿ ಜಾಸ್ತಿ" ಅಂತ ಬರೆದುಬಿಟ್ಟರು. ಅಭಿಪ್ರಾಯ ಪ್ರೋತ್ಸಾಹದಾಯಕವಾಗಿರಬೇಕು ಅಂತ ಮುದ್ರೆಯವರ ಅಪ್ಪಣೆ. ಹದಿನೆಂಟು ಗಂಟೆ ನೀರಿಗೆ ಹೋಯಿತು. ನಿಜವಾಗಿಯೂ ನೀರಿಗೇ, ತೊಟ್ಟಿಯ ಮುಂದೆ ನಿಂತು ಕಳೆದದ್ದು.

ಮೇಜರ್‌ಗೆ ಹೇಳಿದರೆ ಅವರು ಆಲೂಗಡ್ಡೆಯಿಂದ ತಲೆ ಎತ್ತಲಿಲ್ಲ. "ಇನ್ನೊಂದು ಸಲ ಆ ಕಾಗದ ತಂದ್ರೆ ಒಲೆಗೆ ಹಾಕ್ತೀನಿ, ನಿನ್ನನ್ನೂ ಸೇರಿಸಿ," ಅಂದರು.

ಒಂದು ಕನ್ನಡಕಕ್ಕೆ ಕಾಲು ಹಾಕಿಸಲು ಎಷ್ಟು ದಿನ ಬೇಕು? ನಿನ್ನ ಈ ಕಾಗದದ ಕೆಳಗೂ ಅಪ್ಪನ ಸಾಲಿಲ್ಲ. ಮತ್ತೆ, ಕನ್ನಡಕವೇ ಇಲ್ಲದೆ ಅವರು ಚೆಂಡು ಹೇಗೆ ಹೊಲಿಯುತ್ತಿದ್ದಾರೆ? ಇದು ತಮಾಷೆಗೆ ಕೇಳಿದ್ದಲ್ಲ.

ಇತಿ,
ಸುಟ್ಟ ಅಂಗೈ

—

ಮಾರ್ಚ್ 13

ಕೋತಿ,

ಮೂವತ್ತು ವರ್ಷ ಹೊಲಿದ ಕೈಗೆ ಕಣ್ಣು ಬೇಕಿಲ್ಲ. ಅಂದಾಜಿನ ಮೇಲೆ ಹೊಲಿಯುತ್ತಾರೆ. ಇನ್ನು ಕನ್ನಡಕದ ಸುದ್ದಿ ಎತ್ತಬೇಡ.

ಹೊಲಿಯಲು ತುಂಡು ಕೊಡುವ ಮೇಸ್ತ್ರಿ ಈ ವಾರ ಮೂರು ಚೆಂಡು ವಾಪಸ್ ತಂದು ಬಾಗಿಲಲ್ಲಿ ಇಟ್ಟು ಹೋದ. ಯಾರು ಹೊಲಿದದ್ದು ಅಂತ ಕೇಳಬೇಡ. ಹೀಗೇ ಆದರೆ ಈ ಮನೆಗೆ ಒಬ್ಬರಿಗಾಗುವಷ್ಟೇ ತುಂಡು ಕಳಿಸುತ್ತೇನೆ ಅಂದಿದ್ದಾನೆ. ಅವನ ಹತ್ತಿರ ವಾದ ಮಾಡಿ ಮಾಡಿ ನನ್ನ ಗಂಟಲು ಹೋಗಿದೆ.

ಟೀ ಅಂಗಡಿಯಲ್ಲಿ ಅಪ್ಪ ನಿನ್ನ ಪೆನಾಲ್ಟಿ ಹೇಳುತ್ತಿರುತ್ತಾರೆ. ಈಗ ಅದು ಮೂರು ಪೆನಾಲ್ಟಿ ಆಗಿದೆ. ಮುಂದಿನ ಕಾಗದದಲ್ಲಿ ಸ್ವಲ್ಪ ಕಡಿಮೆ ಹಿಡಿ. ಉಳಿದದ್ದನ್ನು ಅವರೇ ಸೇರಿಸಿಕೊಳ್ಳುತ್ತಾರೆ.

ಕೈ ಬಿಡುವಿಲ್ಲ.

ಅಕ್ಕ

—

ಏಪ್ರಿಲ್ 4

ಮೊದಲನೆಯ ಜ್ಞಾಪನ.

ಮಾರ್ಚ್ 20ರ ನನ್ನ ಕಾಗದಕ್ಕೆ ಉತ್ತರ ಬಂದಿಲ್ಲ. ಅದರಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಅಪ್ಪ ಹೇಗಿದ್ದಾರೆ? "ಆರಾಮ" ಅನ್ನುವ ಪದ ಬಿಟ್ಟು ಉತ್ತರಿಸತಕ್ಕದ್ದು.

—

ಏಪ್ರಿಲ್ 16

ಎರಡನೆಯ ಮತ್ತು ಅಂತಿಮ ಜ್ಞಾಪನ.

ಮುದ್ರೆಯವರೇ ನಿನಗಿಂತ ವಾಸಿ. ಅವರು ವಾಪಸ್ಸಾದರೂ ಮಾಡುತ್ತಾರೆ.

—

ಏಪ್ರಿಲ್ 25

ಇದನ್ನು ಅಪ್ಪ ನಿನಗೆ ಕಳಿಸಿದ್ದಾರೆ. ನೋಡು. ಅಷ್ಟೇ.

ಅಕ್ಕ

—

ಮೇ 3

ಗೆ,
ಅಕ್ಕನವರು ಮತ್ತು ಅಪ್ಪನವರು, ಇಬ್ಬರಿಗೂ.
(ಅಕ್ಕ, ಇದನ್ನು ಅಪ್ಪನಿಗೆ ಪೂರ್ತಿ ಓದಿ ಹೇಳು. ಒಂದು ಸಾಲೂ ಬಿಡಬೇಡ.)

ವಿಷಯ: ಪಾರ್ಸಲಿನಲ್ಲಿ ಬಂದ ಚೆಂಡಿನ ತನಿಖಾ ವರದಿ.
ತನಿಖಾಧಿಕಾರಿ: ನಾನೇ.
ಸಾಕ್ಷಿ: ನನ್ನ ಬಲಗೈ ಹೆಬ್ಬೆರಳು.

ಒಂದು ಚೆಂಡಿಗೆ ಮೂವತ್ತೆರಡು ತುಂಡು. ಎಲ್ಲವನ್ನೂ ಒಳಮೈ ಹೊರಗೆ ಮಾಡಿ ಹೊಲಿದು, ತಿರುವಿ, ಗಾಳಿ ತುಂಬುವ ರಬ್ಬರ್ ಬ್ಲಾಡರ್ ಒಳಗೆ ಕೂರಿಸಿದ ಮೇಲೆ ಬೆರಳುದ್ದ ಬಾಯಿ ಉಳಿಯುತ್ತದೆ. ಅದನ್ನು ಮಾತ್ರ ಹೊರಗಿನಿಂದ ಮುಚ್ಚಬೇಕು. ನಮ್ಮ ಮನೆಯಲ್ಲಿ ಅದಕ್ಕೆ ಏಳು ಹೊಲಿಗೆ. ಯಾರ ಚೆಂಡು ಅಂತ ಅಲ್ಲೇ ಗೊತ್ತಾಗುವುದು. ಇದನ್ನು ಆರು ವರ್ಷದವನಿದ್ದಾಗ ಕಣ್ಣು ಮುಚ್ಚಿಸಿ ನನಗೆ ಕಲಿಸಿದವರು ಅಪ್ಪ. ಅಪ್ಪ ಎಡಗೈಯವರು, ಅವರ ಏಳೂ ಹೊಲಿಗೆ ಎಡಕ್ಕೆ ವಾಲುತ್ತವೆ. ಅಕ್ಕನದು ಬಲಕ್ಕೆ.

ಈ ಚೆಂಡಿನ ಏಳೂ ಬಲಕ್ಕೆ ವಾಲಿವೆ.

ಆದ್ದರಿಂದ ತೀರ್ಮಾನ: ಇದು ಅಪ್ಪನ ಚೆಂಡಲ್ಲ. ಅಕ್ಕ ಹೊಲಿದು ಅಪ್ಪನ ಹೆಸರಲ್ಲಿ ಕಳಿಸಿದ್ದಾಳೆ. ಅದೂ ಅವಸರದಲ್ಲಿ, ಅಂತರ ಒಂದರಂತೆ ಒಂದಿಲ್ಲ. ಅಂದರೆ ಅಪ್ಪ ಹೊಲಿಯುತ್ತಿಲ್ಲ. ಇಬ್ಬರ ಪಾಲಿನ ಚೆಂಡನ್ನೂ ಅಕ್ಕ ಒಬ್ಬಳೇ ಹೊಲಿಯುತ್ತಿದ್ದಾಳೆ. ಅಂದರೆ ಜೂನ್ ಹತ್ತಕ್ಕೆ ಅಕ್ಕ ಎಲ್ಲೂ ಹೋಗುವುದಿಲ್ಲ. ಕನ್ನಡಕದ ಕಾಲು ಮುರಿದಿಲ್ಲ, ಮುರಿದದ್ದು ಇನ್ನೇನೋ. ನಾಲ್ಕು ತಿಂಗಳಿಂದ ನನ್ನನ್ನು ಕುರಿ ಮಾಡಿದ್ದೀರಿ, ಇಬ್ಬರೂ ಸೇರಿ, ಅದೂ ಕಾಗದದ ಮೇಲೆ.

ಇನ್ನು ತಮಾಷೆ ಬರುವುದಿಲ್ಲ, ಬಿಡು.

ನನ್ನದೂ ಹೇಳಿಬಿಡುತ್ತೇನೆ. ನಾನು ಯಾವ ಪೆನಾಲ್ಟಿಯನ್ನೂ ತಡೆದಿಲ್ಲ. ಈ ವರ್ಷ ಒಂದು ನಿಮಿಷವೂ ಆಡಿಲ್ಲ. ನಾನು ಮೂರನೆಯ ಗೋಲ್‌ಕೀಪರ್. ಮೊದಲನೆಯವನಿಗೆ ಜ್ವರ ಬಂದರೆ ಎರಡನೆಯವನು ನಿಲ್ಲುತ್ತಾನೆ. ಇಬ್ಬರಿಗೂ ಬಂದರೆ ಸೀಟಿಯವರೇ ಪ್ಯಾಂಟು ಮಡಚಿ ನಿಲ್ಲುತ್ತಾರೆ ಅನ್ನಿಸುತ್ತದೆ. ನನ್ನ ಕೆಲಸ ಬೆಂಚಿನ ತುದಿಯಲ್ಲಿ ಕೂತು ನೀರಿನ ಬಾಟಲಿ ಕಾಯುವುದು. ಆ ಗ್ಲೌಸನ್ನು ನಾನು ಹಾಕಿಕೊಳ್ಳುವುದು ಮೇಜರ್ ಅಡುಗೆಮನೆಯಲ್ಲಿ, ಬಿಸಿ ಹಂಡೆ ಇಳಿಸುವುದಕ್ಕೆ. ಸುಟ್ಟ ಗೆರೆ ಹಂಡೆಯ ಹಿಡಿಯದು.

ಇದಕ್ಕಾಗಿ ಅಕ್ಕ ಇನ್ನೊಂದು ವರ್ಷ ಕಿಟಕಿ ಪಕ್ಕ ಕೂತು ಚೆಂಡು ಹೊಲಿಯಬೇಕಾಗಿಲ್ಲ. ಇಪ್ಪತ್ತಕ್ಕೆ ಸ್ಕಾಲರ್‌ಶಿಪ್ ಬಿಟ್ಟು ಬರುತ್ತೇನೆ. ನಾನೂ ಹೊಲಿಯಬಲ್ಲೆ. ಅಕ್ಕ ಹೊರಡಲಿ. ಅಪ್ಪ ಹೊಲಿಯುತ್ತಿದ್ದೇನೆ ಅಂತ ಇನ್ನು ಯಾರಿಗೂ ತೋರಿಸಿಕೊಳ್ಳುವ ಅಗತ್ಯವಿಲ್ಲ.

—

ಮೇ 10

ಕೋತಿ ಅಂತ ಕರೆಯುವಷ್ಟು ಪ್ರೀತಿ ಇವತ್ತು ಇಲ್ಲ.

ಆ ಚೆಂಡು ಅಪ್ಪನದು.

ಡಿಸೆಂಬರಿನಲ್ಲಿ ಅವರ ಎಡಗೈಯ ಮೂರು ಬೆರಳು ಜೋಮು ಹಿಡಿದವು. ಸೂಜಿ ಕೈಯಿಂದ ಬಿದ್ದದ್ದೂ ಗೊತ್ತಾಗುತ್ತಿರಲಿಲ್ಲ. ನಾನು ಎತ್ತಿಕೊಟ್ಟರೆ ಸಿಟ್ಟು. ಡಾಕ್ಟರು ಮೊಣಕೈಯ ಹತ್ತಿರ ನರ ಒತ್ತಿದೆ, ಮೂವತ್ತು ವರ್ಷ ಒಂದೇ ತರ ಎಳೆದದ್ದಕ್ಕೆ ಹೀಗಾಗಿದೆ, ಮತ್ತೆ ಬರುತ್ತೋ ಇಲ್ಲವೋ ಹೇಳಲಾರೆ ಅಂದರು. ಮೂರು ದಿನ ಅಪ್ಪ ಸೂಜಿ ಮುಟ್ಟಲಿಲ್ಲ. ನಾಲ್ಕನೆಯ ದಿನ, ತುಂಡು ಹಿಡಿಯಲು ಮೊಣಕಾಲ ನಡುವೆ ಇಟ್ಟುಕೊಳ್ಳುವ ಮರದ ಇಕ್ಕಳವನ್ನು ಈಚೆ ತಿರುಗಿಸಿ, ಬಲಗೈಗೆ ಸೂಜಿ ತೆಗೆದುಕೊಂಡರು. ಆ ಕೈಯಲ್ಲಿ ಅವರು ಹುಟ್ಟಾ ಹೆಸರು ಕೂಡ ಬರೆದವರಲ್ಲ. ಮಾರ್ಚಿನಲ್ಲಿ ವಾಪಸ್ ಬಂದ ಮೂರೂ ಅವರದೇ. ನಿನಗೆ ಹೇಳಬಾರದು ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದರು. ಹೇಳಿದರೆ ಬಿಟ್ಟು ಬರುತ್ತಾನೆ ಅಂತ. ಅದರಲ್ಲಿ ಅವರು ಸರಿಯಾಗೇ ಇದ್ದರು.

ಗಾಳಿ ತುಂಬಿದರೂ ಹೊಲಿಗೆ ಬಿಚ್ಚದ ಮೊದಲನೆಯ ಚೆಂಡು ನಿನಗೆ ಬಂದದ್ದು. ಹತ್ತೊಂಬತ್ತು ದಿನ ಹಿಡಿಯಿತು. ಮೇಸ್ತ್ರಿಗೆ ಕೊಡಲಿಲ್ಲ. "ಅವನು ಮುಟ್ಟಿ ನೋಡಿದ ತಕ್ಷಣ ಅವನಿಗೆ ತಿಳಿಯುತ್ತೆ, ನೀನೇನೂ ಬರೀಬೇಡ," ಅಂದರು. ಅದಕ್ಕೇ ನಾನು ಬರೆದದ್ದು ಒಂದು ಸಾಲು. ನಾನು ಹೊರಟರೂ ಈ ಮನೆ ನಡೆಯುತ್ತೆ ಅಂತ ನಿನಗೂ ನನಗೂ ತೋರಿಸಬೇಕಿತ್ತು ಅವರಿಗೆ. ನನ್ನ ಪೆಟ್ಟಿಗೆಯನ್ನು ಅವರೇ ಕೆಳಗಿಳಿಸಿ ಒರೆಸಿಟ್ಟಿದ್ದರು.

ನಿನ್ನ ಕಾಗದ ಬಂದಾಗ ಕುರ್ಚಿ ಎಳೆದುಕೊಂಡು ನನ್ನೆದುರೇ ಕೂತರು. ತನಿಖಾ ವರದಿ ಅಂತ ಓದಿದಾಗ ನಕ್ಕರು. ನಾನೂ ನಿನ್ನ ಎಂದಿನ ನಾಟಕ ಅಂದುಕೊಂಡೆ. ಅಪ್ಪನ ಕಿವಿ ಮಂದ ಅಂತ ನಿನಗೆ ಗೊತ್ತಲ್ಲ, ನನ್ನ ತುಟಿ ನೋಡುತ್ತಾ ಕೇಳುತ್ತಾರೆ. ನಡುವೆ ನಿಲ್ಲಿಸಲು ಆಗಲಿಲ್ಲ. ಪೂರ್ತಿ ಓದು ಅಂತ ನೀನು ಅಪ್ಪಣೆ ಬೇರೆ ಮಾಡಿದ್ದೆ. ಓದಿದೆ.

ಅವರು ಚೀರಾಡಲಿಲ್ಲ. "ಅವನಿಗೇ ಗುರುತು ಸಿಗಲಿಲ್ಲ ಅಂದಮೇಲೆ ಅದು ನನ್ನ ಕೈಯಲ್ಲ ಬಿಡು," ಅಂದರು. ಇಕ್ಕಳ ಎತ್ತಿ ಅಟ್ಟಕ್ಕೆ ಹಾಕಿದರು. ಅವತ್ತಿಂದ ಟೀ ಅಂಗಡಿಗೂ ಹೋಗಿಲ್ಲ. ಅಲ್ಲಿ ನಿನ್ನ ಪೆನಾಲ್ಟಿಗಳು ಐದಕ್ಕೆ ಬಂದು ನಿಂತಿದ್ದವು.

ನೀನು ಆಡುತ್ತಿಲ್ಲ ಅಂತ ನನಗೆ ಜನವರಿಯಲ್ಲೇ ಗೊತ್ತಿತ್ತು. ಆ ಗ್ಲೌಸು ನೋಡಿದ ಯಾರಿಗಾದರೂ ಗೊತ್ತಾಗುತ್ತೆ. ಕೇಳಿದೆ, ನೀನು ವಿಜ್ಞಾನ ಹೇಳಿದೆ, ಸುಮ್ಮನಾದೆ. ನನಗೆ ಹೆಚ್ಚು ಉರಿದದ್ದು ಅದಲ್ಲ. ಆ ಸೊಟ್ಟ ಹೊಲಿಗೆಯನ್ನು ನನ್ನದು ಅಂದುಕೊಂಡೆಯಲ್ಲ, ಅದು. ಎಂಟು ವರ್ಷದಲ್ಲಿ ನನ್ನ ಒಂದು ಚೆಂಡೂ ವಾಪಸ್ ಬಂದಿಲ್ಲ. ಅವಸರವಂತೆ. ನಾನು ಅವಸರದಲ್ಲಿ ಹೊಲಿದರೂ ಸ್ಕೇಲ್ ಇಟ್ಟು ಅಳೆಯಬಹುದು.

ಸುಮ್ಮನೆ ಕೈಕಟ್ಟಿ ಕೂತ ಅಪ್ಪನನ್ನು ಬಿಟ್ಟು ನಾನು ಹೋಗುವುದಿಲ್ಲ. ಅವರು ಹೊಲಿಯುತ್ತಿದ್ದರೆ ಹೋಗುತ್ತಿದ್ದೆ. ಊಟಕ್ಕೆ ಕೆಳಗೆ ಚಿಕ್ಕಮ್ಮ ಇದ್ದಾರೆ, ಅದು ಚಿಂತೆಯಲ್ಲ. ಪೆಟ್ಟಿಗೆ ಮತ್ತೆ ಮಂಚದ ಕೆಳಗೆ ಹೋಯಿತು.

ಇಪ್ಪತ್ತಕ್ಕೆ ನೀನು ಬಂದು ನಿಂತರೆ ನಾನಂತೂ ಬಾಗಿಲು ತೆಗೆಯಲ್ಲ.

—

ಮೇ 16

ಅಕ್ಕ,

ಬರುವುದಿಲ್ಲ. ಸೀಟಿಯವರಿಗೆ ಕೊಟ್ಟ ರಾಜೀನಾಮೆಯನ್ನು ವಾಪಸ್ ಕೇಳಿದೆ. ಅವರು ಅದನ್ನು ಓದಿಯೇ ಇರಲಿಲ್ಲ, ಶೂ ಒಣಗಿಸಲು ಒಳಗೆ ತುರುಕಿದ್ದರು.

ನಿನ್ನ ಕಾಗದ ಬಂದಾಗಿನಿಂದ ಚೆಂಡು ಮಂಚದ ಮೇಲಿದೆ. ಏನು ಬರೆದರೂ ಸಮಾಧಾನ ಹೇಳಿದ ಹಾಗಾಗುತ್ತದೆ. ಅಪ್ಪ ಅದನ್ನು ಅರ್ಧ ಸಾಲಿನಲ್ಲೇ ಕಂಡುಹಿಡಿಯುತ್ತಾರೆ. ಚೆನ್ನಾಗಿದೆ ಅಂತ ಬರೆದರೆ ಇಕ್ಕಳ ಅಟ್ಟದಿಂದ ಇಳಿಯುವುದಿಲ್ಲ. ಚೆನ್ನಾಗಿಲ್ಲ ಅಂದರೂ ಇಳಿಯುವುದಿಲ್ಲ. ಎರಡು ದಿನದಿಂದ ನಾಲ್ಕು ಹಾಳೆ ಹರಿದೆ.

ನಿನ್ನ ಹೊಲಿಗೆಗೆ ಅವಮಾನ ಮಾಡಿದ್ದಕ್ಕೆ ಬೇರೆಯಾಗಿ ತಪ್ಪೊಪ್ಪಿಕೊಳ್ಳುತ್ತೇನೆ. ಅದನ್ನು ಯಾವ ಫಾರಮ್ಮಿನಲ್ಲಿ ಸಲ್ಲಿಸಬೇಕೋ ಹೇಳು.

ನಾಳೆ ಚೆಂಡನ್ನು ಅಡುಗೆಮನೆಗೆ ಒಯ್ಯುತ್ತೇನೆ.

ತಮ್ಮ

—

ಜೂನ್ 1

ತೀರ್ಥರೂಪ ಅಪ್ಪನವರಿಗೆ,

ಮಗ ಮಾಡುವ ನಮಸ್ಕಾರ. ಇದನ್ನು ಅಕ್ಕ ಓದುವುದು ಬೇಡ. ನೀವೇ ಓದಿ. ಕನ್ನಡಕದ ಕಾಲು ನೆಟ್ಟಗಿದೆ ಅಂತ ಈಗ ಗೊತ್ತಾಗಿದೆ.

ನಿಮ್ಮ ಚೆಂಡನ್ನು ಹದಿನೈದು ದಿನ ಆಡಿಸಿದೆವು. ಜಾಗ ಅಡುಗೆಮನೆಯ ಹಿತ್ತಲು. ಸಿಮೆಂಟಿನ ನೆಲ, ಒಂದು ಕಡೆ ಚರಂಡಿ, ಒಂದು ಕಡೆ ಸೌದೆ ರಾಶಿ. ಚೆಂಡಿಗೆ ಇದಕ್ಕಿಂತ ಕೆಟ್ಟ ನೆಲ ಸಿಗುವುದಿಲ್ಲ. ಆಡುವವರು ಊಟಕ್ಕೆ ಬರುವವರೇ. ಇಬ್ಬರು ಹಮಾಲರು, ಒಬ್ಬರು ನಿವೃತ್ತ ಪೋಸ್ಟ್‌ಮ್ಯಾನ್, ಪೇಪರ್ ಮಾರುವ ಒಬ್ಬ ಹೆಂಗಸು. ಉಂಡ ತಟ್ಟೆ ತೊಳೆದಿಟ್ಟ ಮೇಲೆ ಅರ್ಧ ಗಂಟೆ. ಮೂರನೆಯ ದಿನ ಮೇಜರ್ ಸೌಟು ಹಿಡಿದುಕೊಂಡೇ ಬಂದು ಒಂದು ಒದ್ದರು. ನನಗೆ ಹಿಡಿಯಲಾಗಲಿಲ್ಲ. ಗೋಲಿನಲ್ಲಿ ನಿಲ್ಲುವವನು ನಾನೇ. ಎಂಟು ತಿಂಗಳಾದ ಮೇಲೆ ನಿಂತೆ. ಮೊದಲ ದಿನ ಹನ್ನೊಂದು ಗೋಲು ಬಿಟ್ಟೆ, ಅದರಲ್ಲಿ ನಾಲ್ಕು ಪೋಸ್ಟ್‌ಮ್ಯಾನ್ ಹೊಡೆದದ್ದು. ಅವರಿಗೆ ಎಪ್ಪತ್ತು. ಇದನ್ನು ಟೀ ಅಂಗಡಿಯಲ್ಲಿ ಬೇಕಾದರೆ ಹೇಳಿ, ಬೇಡವಾದರೆ ಬಿಡಿ. ನಡೆದದ್ದು ಮಾತ್ರ ಇದೇ.

ಈ ಅರ್ಧ ಗಂಟೆಗಳನ್ನು ಸೇವೆಗೆ ಸೇರಿಸಿ ಅಂತ ಕಚೇರಿಯಲ್ಲಿ ಕೇಳಿದೆ. ಆಟ ಸೇವೆಯಲ್ಲ ಅಂದರು. ಸರಿ, ಆ ಗಂಟೆಗಳನ್ನೂ ಆಲೂಗಡ್ಡೆಯಲ್ಲೇ ತುಂಬಿದೆ. ನಿನ್ನೆಗೆ ಅರವತ್ತು ಮುಗಿಯಿತು. ಸಹಿ ಚೌಕದೊಳಗೇ ಇದೆ. ಅಭಿಪ್ರಾಯದಲ್ಲಿ ಮೇಜರ್ "ಪರವಾಗಿಲ್ಲ" ಅಂತ ಬರೆದರು. ಅದನ್ನು ಪ್ರೋತ್ಸಾಹ ಅಂತ ಒಪ್ಪಿಸಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು.

ಈಗ ಚೆಂಡು. ಮೇಸ್ತ್ರಿ ನೋಡುವ ಹಾಗೆ ನೋಡಿದ್ದೇನೆ.

ಗಾಳಿ ತುಂಬಿ ತಿರುಗಿಸಿದರೆ ಸ್ವಲ್ಪ ಎಡಕ್ಕೆ ಎಳೆಯುತ್ತದೆ. ಕೊನೆಯ ಏಳು ಹೊಲಿಗೆಯಲ್ಲಿ ಎರಡನೆಯದು ಸಡಿಲ, ಉಗುರು ಹೋಗುತ್ತದೆ. ಐದನೆಯದು ಅಂಚಿಗೆ ತೀರ ಹತ್ತಿರ ಬಿದ್ದಿದೆ. ಗಂಟು ಪೂರ್ತಿ ಒಳಗೆ ಹೋಗಿಲ್ಲ, ಹೆಬ್ಬೆರಳಿಗೆ ತಾಗುತ್ತದೆ. ನಾನು ಮೇಸ್ತ್ರಿ ಆಗಿದ್ದರೆ ವಾಪಸ್ ಮಾಡುತ್ತಿದ್ದೆ.

ಹದಿನೈದು ದಿನ ಆ ನೆಲದಲ್ಲಿ ಉರುಳಿದರೂ ಬಿಚ್ಚಿಲ್ಲ.

ಇನ್ನೊಂದು ವಿಷಯ. ಹದಿಮೂರನೆಯ ದಿನ ಚೆಂಡು ಚರಂಡಿಗೆ ಬಿತ್ತು. ತೊಟ್ಟಿಯಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸುವಾಗ ಕೊನೆಯ ಗಂಟಿನ ಪಕ್ಕ ದಾರದ ಮೇಣ ಎರಡು ಕಡೆ ಉಜ್ಜಿಹೋಗಿರುವುದು ಕಂಡಿತು. ಗಂಟಿಗೆ ಮುಂಚೆ ಎರಡು ಸಲ ಜಗ್ಗಿದ ಗುರುತು. ಅಕ್ಕ ಒಂದೇ ಸಲ ಜಗ್ಗುತ್ತಾಳೆ, ಸಾಕು ಅನ್ನುತ್ತಾಳೆ. ಎರಡು ಸಲ ಜಗ್ಗುವವರು ನಮ್ಮ ಬೀದಿಯಲ್ಲೇ ನೀವೊಬ್ಬರು. ಅದು ಮೊದಲ ದಿನವೇ ಅಲ್ಲಿತ್ತು. ನಾನು ಹೊಲಿಗೆ ವಾಲಿದ್ದನ್ನು ನೋಡಿದೆ, ಅಷ್ಟಕ್ಕೇ ಬುದ್ಧಿವಂತನಾಗಿಬಿಟ್ಟೆ. ತಪ್ಪಾಯಿತು ಅಪ್ಪ.

ಇನ್ನೊಂದು ಚೆಂಡು ಕಳಿಸಿ. ಎರಡನೆಯ ಹೊಲಿಗೆ ಬಿಗಿ ಮಾಡಿ.

ನಿಮ್ಮ ಮಗ

—

ತರಬೇತಿ ನಿಲಯ, ಎರಡನೆಯ ಮಹಡಿ, ಕಿಟಕಿ ಪಕ್ಕದ ಮಂಚ
ಜೂನ್ 18

ಲೋ ಕೋತಿ,

ಮೇಲಿನ ವಿಳಾಸ ನೋಡಿದೆಯಲ್ಲ, ಇನ್ನು ಮೇಲೆ ಅಲ್ಲಿಗೆ ಬರಿ.

ನಿನ್ನ ಕಾಗದ ಆರನೆಯ ತಾರೀಕು ಬಂತು. ಅಪ್ಪ ಕನ್ನಡಕ ಹಾಕಿಕೊಂಡು ಬಾಗಿಲ ಹತ್ತಿರ ನಿಂತು ಓದಿದರು. ನನಗೆ ಕೊಡಲಿಲ್ಲ. ಮಡಚಿ ಜೇಬಿಗಿಟ್ಟುಕೊಂಡರು, ಮತ್ತೆ ತೆಗೆದು ಓದಿದರು. ಏನಂತೆ ಅಂತ ಕೇಳಿದೆ. ಮಧ್ಯಾಹ್ನ ಊಟದ ನಡುವೆ, "ಎರಡನೇದು ಸಡಿಲವಂತೆ. ಇವನಿಗೇನು ಗೊತ್ತು ಹೊಲಿಗೆ," ಅಂದರು. ಸಂಜೆ ಹೊತ್ತಿಗೆ ಸಿಟ್ಟು ಚೆನ್ನಾಗಿ ಏರಿತ್ತು. ಸ್ಟೂಲು ಹಾಕಿಕೊಂಡು ಅಟ್ಟದಿಂದ ಇಕ್ಕಳ ಇಳಿಸಿದರು. ಧೂಳು ಒರೆಸುತ್ತ ನಿನ್ನನ್ನು ಬೈದರು, ಮೇಸ್ತ್ರಿಯನ್ನು ಬೈದರು, ಸುಮ್ಮನೆ ನಿಂತಿದ್ದಕ್ಕೆ ನನ್ನನ್ನೂ ಬೈದರು. ಅಷ್ಟು ಮಾತು ಮೇ ತಿಂಗಳಿಡೀ ಆಡಿರಲಿಲ್ಲ.

ಎಂಟಕ್ಕೂ ಹೊಲಿಯುತ್ತಿದ್ದರು, ಒಂಬತ್ತಕ್ಕೂ ಹೊಲಿಯುತ್ತಿದ್ದರು. ಒಂಬತ್ತರ ಸಂಜೆ ಪೆಟ್ಟಿಗೆ ಎಳೆದೆ. ಹತ್ತಕ್ಕೆ ಇಲ್ಲಿಗೆ ಬಂದಾಗ ಕಚೇರಿ ಮುಚ್ಚಲು ಇಪ್ಪತ್ತು ನಿಮಿಷ ಇತ್ತು. ಫೋಟೋ ಒಂದು ಕಡಿಮೆ ಅಂದರು. ಫೋಟೋ ಅಂಗಡಿ ಹುಡುಕಿ ಓಡಿದೆ. ವಾಪಸ್ ಬಂದಾಗ ಗುಮಾಸ್ತ ಬೀಗ ಕೈಯಲ್ಲಿ ಹಿಡಿದಿದ್ದ. ನಿನ್ನ ಮುದ್ರೆಯವರ ತಮ್ಮನೇ ಇರಬೇಕು.

ಬಂದು ಒಂದು ವಾರ ಆಯಿತು. ಆಪರೇಷನ್ ಥಿಯೇಟರನ್ನು ಬಾಗಿಲ ಗಾಜಿನಿಂದ ನೋಡಿದ್ದೇನೆ. ಈವರೆಗೆ ಕಲಿಸಿದ್ದು ಕೈ ತೊಳೆಯುವುದು. ನಿಜವಾಗಿ ಅಷ್ಟೇ. ಮೊಣಕೈವರೆಗೆ, ಗಡಿಯಾರ ನೋಡಿಕೊಂಡು, ದಿನಕ್ಕೆ ಹದಿನಾಲ್ಕು ಸಲ. ಮೇಣದ ಕಲೆ ಬೆರಳಿಂದ ಹೋಗುತ್ತಿಲ್ಲ ಅಂತ ಮೇಡಮ್ಮು ದಿನಾ ನನ್ನನ್ನು ಸಾಲಿನಿಂದ ಹೊರಗೆ ನಿಲ್ಲಿಸುತ್ತಾರೆ. ಎಂಟು ವರ್ಷದ ಮೇಣ ಎಂಟು ದಿನದಲ್ಲಿ ಹೋಗುತ್ತಾ? ನನಗಿಂತ ಮೂರು ವರ್ಷ ಚಿಕ್ಕವರು ಮುಂದೆ ಹೋಗಿ ಸೂಜಿ ಹಿಡಿಯುವುದು ಕಲಿಯುತ್ತಿದ್ದಾರೆ. ಸೂಜಿಯನ್ನು. ನಾನು ಆಚೆ ನಿಂತು ನೋಡುತ್ತೇನೆ. ಬೆಂಚಿನ ತುದಿ ಹೇಗಿರುತ್ತೆ ಅಂತ ಈಗ ನನಗೂ ಗೊತ್ತಾಗಿದೆ.

ನಿನ್ನ ಪರೀಕ್ಷೆ ಏನಾಯಿತು, ಬರೆದಿಲ್ಲ. ನಿಜ ಬರಿ.

ನಿನ್ನೆ ಅಪ್ಪನ ಕಾಗದ ಬಂತು. ನನಗೆ ಎರಡು ಸಾಲು, ನಿನಗೊಂದು ಚೀಟಿ. ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ. ಬಲಗೈಯಲ್ಲಿ ಬರೆದದ್ದು, ಅಕ್ಷರ ಒಂದರ ಮೇಲೊಂದು ಹತ್ತಿವೆ. ಓದಲು ಕಷ್ಟವಾದರೆ ಇರಲಿ ಅಂತ ಕೆಳಗೆ ಬಿಡಿಸಿ ಬರೆದಿದ್ದೇನೆ. ಒಂದಕ್ಷರವೂ ತಿದ್ದಿಲ್ಲ.

"ಎರಡನೇ ಚೆಂಡು ಏಳು ದಿನಕ್ಕೆ ಮುಗೀತು. ಮೇಸ್ತ್ರಿ ವಾಪಸ್ ಮಾಡಿದ. ಈ ಸಲ ಸಡಿಲ ಇದ್ದಿದ್ದು ನಾಲ್ಕನೇದು, ಎರಡನೇದಲ್ಲ. ಮೂರನೇದು ಹಿಡಿದಿದೀನಿ. ನಿನ್ನನ್ನ ಗೋಲಲ್ಲಿ ಯಾವಾಗ ನಿಲ್ಲಿಸ್ತಾರೆ?"